ಅರಸಾಳಿನ ಹಳೆಯ ನಿಲ್ದಾಣ ಮತ್ತು ಮಲೆನಾಡಿನ ನೆನಪು

(ಬೆಂಗಳೂರಿನ ಇಟ್ಟಮಡುವಿನಲ್ಲಿ ಮಲೆನಾಡಿನ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಸಾರ)



ಇಟ್ಟಮಡು, ಬನಶಂಕರಿಗಳಲ್ಲಿ ಓದುತ್ತಿರುವ ಸಾಗರ, ಹೊಸನಗರಗಳ ಮಕ್ಕಳು ರಜೆಗೆ ತಾಳಗುಪ್ಪದ ರೈಲು ಹತ್ತಿದರೆ, ಶಿವಮೊಗ್ಗ ದಾಟಿದ ಮೇಲೆ ಹೊಸನಗರ ತಾಲ್ಲೂಕಿನ ಅರಸಾಳು ಸಿಗುತ್ತದೆ. ಅಲ್ಲಿನ ಹಳೆಯ ನಿಲ್ದಾಣ ಪಾಳುಬಿದ್ದು ಮತ್ತೆ ಎದ್ದು ನಿಂತಿದೆ. ಅದು ಉಳಿದ ಬಗೆಯನ್ನೂ ಅದರೊಡನೆ ಉಳಿಯಬೇಕಾದ ಚರಿತ್ರೆಯನ್ನೂ ವಿಚಾರಿಸುವುದು ಈ ಉಪನ್ಯಾಸದ ಉದ್ದೇಶ.

ಬೀರೂರಿನಿಂದ ಹೊರಟ ಮೀಟರ್ ಗೇಜ್ ಹಳಿ 1899ರಲ್ಲಿ ಶಿವಮೊಗ್ಗವನ್ನು ತಲುಪಿತು. 1940ರ ಸುಮಾರಿಗೆ ತಾಳಗುಪ್ಪದವರೆಗೆ ಬೆಳೆಯಿತು. ರೈಲು ಮಲೆನಾಡಿಗೆ ಶಾಲೆ, ಆಸ್ಪತ್ರೆ, ಪೇಟೆಗಳನ್ನು ಹತ್ತಿರ ತಂದಿತು. ಆದರೆ ಅದೇ ಕಾಲವು ಕಾಡಿನಿಂದ ಕೇಳಿದ್ದೂ ಕಡಿಮೆಯಲ್ಲ. ಈ ಮಾರ್ಗದಲ್ಲಿಯೇ ಇರುವ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗ ಅಲ್ಲಿನ ಊದುಕುಲುಮೆಗೆ ಇಂಧನವಾದುದು ಕಲ್ಲಿದ್ದಲಲ್ಲ, ಸುತ್ತಲಿನ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲು.

ಶರಾವತಿ ಕಣಿವೆಯ ಕಥೆ ಇನ್ನೂ ಕಠಿಣ. 1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿತು; 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಿತು. ಮನೆ, ಗದ್ದೆ, ದೇವಸ್ಥಾನಗಳು ನೀರಿನಡಿ ಸೇರಿದವು. ಮುಳುಗಿದ ಊರಿನ ಚರಿತ್ರೆಯನ್ನು ತೋರಿಸಲು ಒಂದು ಗೋಡೆಯೂ ಇಲ್ಲ. ಆದುದರಿಂದಲೇ ಈ ಸೀಮೆಯಲ್ಲಿ ನಿಂತಿರುವ ಹಳೆಯ ಗೋಡೆಗಳ ಬೆಲೆ ಹೆಚ್ಚು.

ಅರಸಾಳಿನ ನಿಲ್ದಾಣವನ್ನು ಕಾಪಾಡಿದ್ದು ಒಂದು ಕಥೆ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ನಿರ್ದೇಶಿಸಿದ, 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಈ ನಿಲ್ದಾಣವೇ ಮಾಲ್ಗುಡಿಯಾಯಿತು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಪೂರ್ಣಗೊಂಡಿತು. ಹೊಸ ಕಟ್ಟಡ ಬಂದ ಮೇಲೆ ಹಳೆಯದು ಹಾಳುಬಿದ್ದಿತು. ನೈರುತ್ಯ ರೈಲ್ವೆಯ ಮೈಸೂರು ವಿಭಾಗವು ಅದನ್ನು ದುರಸ್ತಿಗೊಳಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ತೆರೆಯಿತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸದಲ್ಲಿ ಕೈಜೋಡಿಸಿದರು. ಇದು ಮೆಚ್ಚಬೇಕಾದ ಕಾರ್ಯ.

ಆದರೆ ಎಲ್ಲ ನಿಲ್ದಾಣಗಳಿಗೂ ಧಾರಾವಾಹಿಯ ಭಾಗ್ಯವಿರುವುದಿಲ್ಲ. ಪ್ರಸಿದ್ಧಿಯೊಂದೇ ಸಂರಕ್ಷಣೆಯ ಅಳತೆಗೋಲಾದರೆ ಹಮಾಲಿ, ಗ್ಯಾಂಗ್‌ಮನ್, ಇದ್ದಿಲು ಸುಟ್ಟ ಕೂಲಿಕಾರರ ಬದುಕಿಗೆ ಸಾಕ್ಷಿಯಾದ ಕಟ್ಟಡಗಳು ಸದ್ದಿಲ್ಲದೆ ನೆಲಕಚ್ಚುತ್ತವೆ. ಕಲ್ಪನೆಯ ಮಾಲ್ಗುಡಿಯ ಪಕ್ಕದಲ್ಲಿ ನಿಜವಾದ ಮಲೆನಾಡಿಗೂ ಸ್ಥಳವಿರಬೇಕು.

ಕಟ್ಟಡ ಉಳಿಸಲು ಯಾವಾಗಲೂ ದೊಡ್ಡ ಹಣವೇ ಬೇಕೆಂದಿಲ್ಲ. ಮಲೆನಾಡಿನ ಮಳೆಯಲ್ಲಿ ಹಂಚಿನ ಮಾಡಿನ ಒಂದು ಹಂಚು ಜಾರಿದರೆ ಮೊದಲು ರೀಪು ನೆನೆಯುತ್ತದೆ, ಅನಂತರ ಪಕಾಸು ಕೊಳೆಯುತ್ತದೆ, ಕೊನೆಗೆ ಗೋಡೆ ಕುಸಿಯುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಹಳ್ಳಿಯ ರೂಢಿಯೇ ಉತ್ತಮ ಸಂರಕ್ಷಣೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಗೋಡೆ ಕೆಡುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು. ಇದ್ದ ಕಟ್ಟಡವನ್ನು ಬಳಸಿದಷ್ಟೂ ಹೊಸ ಮರ, ಹೊಸ ಕಲ್ಲು, ಹೊಸ ಮರಳಿನ ಬೇಡಿಕೆ ತಗ್ಗುತ್ತದೆ. ಹೀಗಾಗಿ ಪರಂಪರೆಯ ರಕ್ಷಣೆ ಪರಿಸರದ ಕೆಲಸವೂ ಹೌದು.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮೂರಿನ ನಿಲ್ದಾಣದ ಹಿರಿಯರನ್ನು ಕಂಡು, ಅಲ್ಲಿಂದ ಯಾವ ಸರಕು ಹೋಗುತ್ತಿತ್ತು, ಯಾರು ಹೊರುತ್ತಿದ್ದರು, ಸುತ್ತ ಯಾವ ಮರಗಳಿದ್ದವು ಎಂಬುದನ್ನು ಬರೆದಿಡಲಿ. ಗೋಡೆಯನ್ನು ರೈಲ್ವೆ ಇಲಾಖೆ ದುರಸ್ತಿ ಮಾಡಬಹುದು. ಈ ಉತ್ತರಗಳನ್ನು ಊರಿನವರೇ ಉಳಿಸಿಕೊಳ್ಳಬೇಕು.