ಕೈಯಲ್ಲಿ ತಿರುಗದ ನಟ್‌ಗೆ ಸ್ಪ್ಯಾನರ್ ಹಾಕಬೇಡಿ

ಹಳೇ ಬೈಕ್ ಹುಚ್ಚಿರೋ ಎಲ್ಲರಿಗೂ ಇವತ್ತು ನನ್ನದೇ ಒಂದು ಎಡವಟ್ಟಿನ ಕಥೆ ಹೇಳ್ತೀನಿ. ನಿಮಗೆ ಹಂಗಾಗದೇ ಇರಲಿ ಅಂತ.

ನಮ್ಮನೇಲಿ ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೇದು. 250 ಸಿಸಿ, ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಎಡಗಡೇದು ತುಕ್ಕು ಹಿಡಿದು ತೂತಾಗಿತ್ತು. ಹೊಸ ಜೋಡಿ ತರಿಸಿದೆ. ಭಾನುವಾರ ಬೆಳಗ್ಗೆ ಒಂದು ಗಂಟೆ ಕೆಲಸ ಅಂದ್ಕೊಂಡೆ.

ಬೆಂಡ್ ಪೈಪನ್ನ ಸಿಲಿಂಡರ್‌ಗೆ ಹಿಡಿದಿಡೋದು ರೆಕ್ಕೆ ರೆಕ್ಕೆಯಾಗಿರೋ ಒಂದು ದೊಡ್ಡ ನಟ್. ನಾನು ಅವಸರದಲ್ಲಿ ಮೊದಲು ಹಿಂದಿನ ಬ್ರಾಕೆಟ್ ಬೋಲ್ಟ್ ಬಿಗಿ ಮಾಡಿಬಿಟ್ಟೆ. ಮುಂದೆ ಪೈಪು ಓರೆಯಾಗಿ ನಿಂತಿತು. ನಟ್ ಕೈಯಲ್ಲಿ ಅರ್ಧ ಸುತ್ತೂ ಹೋಗಲಿಲ್ಲ. ಸಿ-ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟೆ. ಕಟಕ್ ಅಂತು. ಬಿಚ್ಚಿ ನೋಡಿದ್ರೆ ಸಿಲಿಂಡರಿನ ಥ್ರೆಡ್ಡೇ ಕಿತ್ತು ಬಂದಿತ್ತು.

ಕೈಕಾಲು ತಣ್ಣಗಾಯ್ತು. ಆ ಕಾರ್ಖಾನೆ 1996ರಲ್ಲೇ ನಿಂತುಹೋಗಿದೆ. ಸೈಲೆನ್ಸರ್ ಇನ್ನೊಂದು ಸಿಗುತ್ತೆ, ಅಪ್ಪ ಓಡಿಸಿದ ಆ ಸಿಲಿಂಡರ್ ಎಲ್ಲಿಂದ ತರೋದು? ಅಪ್ಪ ಬೈಯಲಿಲ್ಲ. "ಕೈಗೆ ಗೊತ್ತಾಗಿತ್ತಲ್ವಾ, ಯಾಕೆ ಕೇಳಲಿಲ್ಲ?" ಅಂದ್ರು ಅಷ್ಟೆ. ಕೊನೆಗೆ ಲೇತ್ ಅಂಗಡೀಲಿ ವೆಲ್ಡ್ ಮಾಡಿ ಹೊಸ ಥ್ರೆಡ್ ಹಾಕಿಕೊಟ್ರು. ಅಲ್ಲಿ ಕಲಿತಿದ್ದನ್ನ ಈಗ ಹೇಳ್ತೀನಿ.

ಹಳೇ ನಟ್‌ಗೆ ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ. ಸುತ್ತಿಗೆಯಲ್ಲಿ ಹೊಡೀಬೇಡಿ, ರೆಕ್ಕೆ ಮುರಿಯುತ್ತೆ. ಥ್ರೆಡ್ಡಲ್ಲಿರೋ ಮಸೀನ ಬ್ರಷ್‌ನಿಂದ ತೆಗೀರಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಹಳೇದು ಹಾಕಿದ್ರೆ ಸಂದಿಯಿಂದ ಹೊಗೆ, ಕಪ್ಪು ಎಣ್ಣೆ ಬರೋದು ಖಂಡಿತ.

ಆಮೇಲೆ ಪೈಪು, ಸೈಲೆನ್ಸರ್, ಬ್ರಾಕೆಟ್ ಎಲ್ಲಾನೂ ಸಡಿಲವಾಗೇ ಕೂರಿಸಿ. ಮುಂದಿನ ನಟ್ಟನ್ನ ಬೆರಳಲ್ಲೇ ಮೂರ್ನಾಲ್ಕು ಸುತ್ತು ತಿರುಗಿಸಿ. ತಿರುಗ್ತಿಲ್ಲ ಅಂದ್ರೆ ಪೈಪು ಓರೆ ಇದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಿಡೀರಿ. ಬಿಗಿ ಮಾಡೋದು ಮುಂದಿನಿಂದ ಹಿಂದಕ್ಕೆ: ಮೊದಲು ನಟ್, ಆಮೇಲೆ ಕ್ಲಾಂಪ್, ಕೊನೆಗೆ ಬ್ರಾಕೆಟ್. ಬ್ರಾಕೆಟ್ ತೂತು ಸರಿಯಾಗಿ ಕೂರದಿದ್ರೆ ಎಳೆದು ಕೂರಿಸಬೇಡಿ, ವಾಷರ್ ಕೊಡಿ. ಎಳೆದು ಕೂರಿಸಿದ ಪೈಪು ಕಂಪನಕ್ಕೆ ಸೀಳುತ್ತೆ. ಒಂದು ರೌಂಡ್ ಓಡಿಸಿ, ತಣ್ಣಗಾದ ಮೇಲೆ ಇನ್ನೊಮ್ಮೆ ನಟ್ ಬಿಗಿ ನೋಡಿ.

ಇನ್ನೊಂದು ಮಾತು. ಸದ್ದು ಜೋರಾಗಲಿ ಅಂತ ಒಳಗಿನ ಬ್ಯಾಫಲ್ ಕಿತ್ತು ಬಿಸಾಕಬೇಡಿ. ಟೂ ಸ್ಟ್ರೋಕಲ್ಲಿ ಸೈಲೆನ್ಸರ್ ಬರೀ ಸದ್ದಿಗಲ್ಲ. ಅಲ್ಲಿಂದ ಹಿಂದಿರುಗೋ ಒತ್ತಡದ ಅಲೆ, ಹೊರಗೆ ಜಾರೋ ಪೆಟ್ರೋಲ್ ಮಿಶ್ರಣವನ್ನ ವಾಪಸ್ ಸಿಲಿಂಡರಿಗೆ ತಳ್ಳುತ್ತೆ. ಬ್ಯಾಫಲ್ ಇಲ್ಲದಿದ್ರೆ ಆ ಲೆಕ್ಕ ತಪ್ಪುತ್ತೆ. ಸದ್ದು ಏರುತ್ತೆ, ಏರಿನಲ್ಲಿ ಗಾಡಿ ಎಳೆಯಲ್ಲ. ದಂಡ ಬೇರೆ.

ಈಗ ನಮ್ಮ ಗಾಡಿ ಸ್ಟಾರ್ಟ್ ಆದ್ರೆ ಅಪ್ಪ ಒಳಗಿಂದಲೇ "ಹಾಂ, ಈಗ ಸರಿ" ಅಂತಾರೆ. ನಿಮ್ಮ ಸ್ಪ್ಯಾನರ್ ಆಮೇಲೆ ಎತ್ಕೊಳ್ಳಿ, ಮೊದಲು ಕೈ ಏನು ಹೇಳುತ್ತೆ ಕೇಳಿ. ಮತ್ತೆ ಸಿಗೋಣ.