ತಲಕಾಡನ್ನು ಹೂತದ್ದು ಶಾಪವೇ?
(ರಾಜಾಜಿನಗರದ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ತಲಕಾಡು ಗಂಗರ ರಾಜಧಾನಿ. 1117ರಲ್ಲಿ ವಿಷ್ಣುವರ್ಧನನು ಅಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಅಂಥ ಊರು ಮರಳಿನಲ್ಲಿ ಹೂತುಹೋದದ್ದೇಕೆ? ಅಲಮೇಲಮ್ಮನ ಶಾಪವೆಂದು ಕೇಳುತ್ತ ಬಂದಿದ್ದೇವೆ. ಒಡವೆಗಾಗಿ ಅರಸನ ಭಟರು ಬೆನ್ನಟ್ಟಿದ ಆ ವಿಧವೆಯ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮರಳು ಹೊರುವುದು ಗಾಳಿ, ಶಾಪವಲ್ಲ.

ಅಲ್ಲಿ ಕಾವೇರಿ ತಿರುವು ತೆಗೆದುಕೊಂಡು ಮರಳು ಇಳಿಸುತ್ತಾಳೆ. ಹದಿನಾಲ್ಕನೆಯ ಶತಮಾನದಲ್ಲಿ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟೆ ಎದ್ದಿತು. ನೀರು ತಗ್ಗಿ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ತಳ್ಳಿತು ಎಂಬುದು ವಿಜ್ಞಾನಿಗಳ ವಿವರಣೆ. ಕಟ್ಟೆಯಿಂದ ಗದ್ದೆಗೆ ನೀರು ಬಂತು, ನಿಜ. ಲಾಭ ಒಬ್ಬರಿಗೆ, ಮರಳು ಇನ್ನೊಬ್ಬರಿಗೆ!

ದೂರದ ಗ್ರೀನ್‌ಲ್ಯಾಂಡಿನಲ್ಲೂ ಹೀಗೆಯೇ ಒಂದು ಜನಪದ ಅಳಿಯಿತು. ಚಳಿ ಹೆಚ್ಚಿತು, ದಂತದ ವ್ಯಾಪಾರ ಕುಸಿಯಿತು, ಹಡಗು ಬರುವುದು ನಿಂತಿತು. 1408ರ ಒಂದು ಮದುವೆಯ ದಾಖಲೆಯೇ ಅವರ ಕೊನೆಯ ಸುದ್ದಿ.

ಅದೇ ಕಾವೇರಿ 1974ರಿಂದ ನಮ್ಮ ನಗರದ ನಲ್ಲಿಗೆ ಬರುತ್ತಿದ್ದಾಳೆ. ಕೆಂಗೇರಿಯ ವೃಷಭಾವತಿ ನಮ್ಮ ಕೊಳೆಯನ್ನು ಹೊತ್ತು ಅರ್ಕಾವತಿಯ ಮೂಲಕ ಅವಳನ್ನೇ ಸೇರುತ್ತದೆ. ನದಿಯ ವಿಚಾರ ತೀರ್ಮಾನಿಸುವಾಗ ಕೆಳಗಿನ ಊರಿನವರ ಮಾತನ್ನೂ ಕೇಳಬೇಕು. ಕೇಳುವವರಿಲ್ಲದ ಊರಿಗೆ ಕಡೆಗೆ ಉಳಿಯುವುದು ಶಾಪದ ಕಥೆಯೊಂದೇ.