ಪದಕ ಐತಿ, ಆಫೀಸರ್ ಆಗಿ ವಾಪಸ್ ಹೋಗಬಹುದಾ?

 

ನಮ್ಮ ಕಡೆ ಸೈನಿಕ ನಿವೃತ್ತನಾಗಿ ಊರಿಗೆ ಬಂದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ತೆರೆದ ಜೀಪು, ಡೊಳ್ಳು, ಹಾರ, ಶಾಲು. ಸೇನಾ ಮೆಡಲ್ ಇದ್ದರಂತೂ ಬ್ಯಾನರ್ ಇನ್ನಷ್ಟು ದೊಡ್ಡದು. ಮರುದಿನ ಮುಂಜಾನೆ ಆ ಅಣ್ಣ ಕಟ್ಟೆ ಮೇಲೆ ಕೂತು, "ತಮ್ಮಾ, ನಾ ಮತ್ತ ಹೋಗಬೇಕಂತೀನಿ, ಈ ಸಲ ಆಫೀಸರ್ ಆಗಿ. ಹಾದಿ ಐತೇನು?" ಅಂತ ಕೇಳಿದ ಅಂತಿಟ್ಟುಕೊಳ್ಳಿ. ಹಾರ ಹಾಕಿದವರಲ್ಲಿ ಇದಕ್ಕೆ ಉತ್ತರ ಹೇಳೋರು ಎಷ್ಟು ಮಂದಿ?

ಹಾದಿ ಐತಿ. ಆದರೆ ಸಣ್ಣದು. ಮತ್ತೆ ಅದರ ಬಾಗಿಲು ಪದಕ ನೋಡಿ ತೆರೆಯೋದಿಲ್ಲ. ವಯಸ್ಸು, ಡಿಗ್ರಿ, ಮೆಡಿಕಲ್, ಈ ಮೂರನ್ನ ನೋಡುತ್ತೆ.

ಹೊರಗೆ ಬಂದವರಿಗೆ ಉಳಿಯೋದು ಮುಖ್ಯವಾಗಿ ಟೆರಿಟೋರಿಯಲ್ ಆರ್ಮಿ, ಅಂದ್ರೆ ಟಿಎ. ಅಲ್ಲಿ ಆಫೀಸರ್ ಆಗೋಕೆ ವಯಸ್ಸು 18ರಿಂದ 42ರ ಒಳಗಿರಬೇಕು, ಮಾನ್ಯ ವಿಶ್ವವಿದ್ಯಾಲಯದ ಪದವಿ ಬೇಕು, ಜೊತೆಗೆ ಒಂದು ಉದ್ಯೋಗ ಇರಬೇಕು. ಸ್ವಂತ ಉದ್ಯೋಗ ಆದರೂ ನಡೆಯುತ್ತೆ, ಆದಾಯಕ್ಕೆ ಅಫಿಡವಿಟ್ ಕೊಡಬೇಕು. ಆಮೇಲೆ ಲಿಖಿತ ಪರೀಕ್ಷೆ, ಸಂದರ್ಶನ, ಎಸ್‌ಎಸ್‌ಬಿ, ಮೆಡಿಕಲ್. ಪಾಸಾದರೆ ಲೆಫ್ಟಿನೆಂಟ್. ವರ್ಷಕ್ಕೆ ಎರಡು ತಿಂಗಳು ಕ್ಯಾಂಪು. ಪೂರ್ಣಾವಧಿ ನೌಕರಿ ಅಂತ ಖಾತ್ರಿ ಇಲ್ಲ, ಇದನ್ನ ಮನೆಯವರಿಗೆ ಮೊದಲೇ ಹೇಳಿಬಿಡಿ. 2023ರ ಅಧಿಸೂಚನೆಯಲ್ಲಿ ಇಡೀ ದೇಶಕ್ಕೆ ಇದ್ದದ್ದು 19 ಹುದ್ದೆ!

ಈಗ ಲೆಕ್ಕ ಹಾಕಿ. 19ಕ್ಕೆ ಸೇರಿದ ಜವಾನ 17 ವರ್ಷ ಸರ್ವಿಸ್ ಮಾಡಿ ಬಂದ್ರೆ 36. ಕೈಯಲ್ಲಿ ಆರು ವರ್ಷ. ಡಿಗ್ರಿ ಇಲ್ಲದಿದ್ದರೆ ಅದರಲ್ಲೇ ಮೂರು ವರ್ಷ ಹೋಯಿತು. ಇಲ್ಲೊಂದು ಮೋಸ ಹೋಗೋ ಜಾಗ ಐತಿ ನೋಡ್ರಿ. 15 ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದವರಿಗೆ ಪದವಿಗೆ ಸಮಾನ ಅಂತ ಒಂದು ಪ್ರಮಾಣಪತ್ರ ಸಿಗುತ್ತೆ. ಅದು ಗ್ರೂಪ್ ಸಿ ನೌಕರಿಗಳಿಗೆ ಅಂತ ಇರೋದು. ಅದನ್ನೇ ಡಿಗ್ರಿ ಅಂತ ನಂಬಿಕೊಂಡು ಟಿಎ ಅರ್ಜಿ ತುಂಬಬೇಡಿ.

ಇನ್ನೊಂದು ಕಹಿ ಮಾತು. ಪದಕ ಬರೋ ಜಾಗದಲ್ಲೇ ಗುಂಡೂ ಬರುತ್ತೆ. ಯಾವ ಗಾಯದ ಜೊತೆ ಪದಕ ಬಂತೋ, ಅದೇ ಗಾಯ ಮೆಡಿಕಲ್‌ನಲ್ಲಿ ಅಡ್ಡ ನಿಲ್ಲಬಹುದು.

ಕ್ಯಾಪ್ಟನ್ ನವೀನ್ ನಾಗಪ್ಪ ಅವರ ಹೆಸರು ಕೇಳಿದ್ದೀರಾ? ಕನ್ನಡಿಗರು, 13 ಜ್ಯಾಕ್ ರೈಫಲ್ಸ್. 1999ರ ಜುಲೈ, ಕಾರ್ಗಿಲ್, ಪಾಯಿಂಟ್ 4875. ಗ್ರೆನೇಡ್ ಸಿಡಿದು ಕಾಲಿಗೆ ಗಾಯ. ಅವರನ್ನ ಆ ಜಾಗದಿಂದ ಎಳೆದು ತಂದವರು ಕ್ಯಾಪ್ಟನ್ ವಿಕ್ರಮ್ ಬಾತ್ರಾ. ಸೇನಾ ಮೆಡಲ್ ಬಂತು, ಆದರೆ ಯುದ್ಧದ ಸೇವೆ ಮುಗಿಯಿತು. ಅವರು ಎಂಜಿನಿಯರಿಂಗ್ ಓದಿದ್ದರು. ಇಂಡಿಯನ್ ಎಂಜಿನಿಯರಿಂಗ್ ಸರ್ವಿಸ್ ಪರೀಕ್ಷೆ ಪಾಸ್ ಮಾಡಿ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ಗೆ ಅಧಿಕಾರಿಯಾಗಿ ಬಂದರು. ಸಮವಸ್ತ್ರ ಇಲ್ಲ, ಕೆಲಸ ಮಾತ್ರ ಸೈನ್ಯದ್ದೇ. ವಾಪಸ್ ಕರೆತಂದದ್ದು ಮೆಡಲ್ ಅಲ್ಲ, ಆ ಡಿಗ್ರಿ ಮತ್ತು ಮತ್ತೊಮ್ಮೆ ಪರೀಕ್ಷೆಗೆ ಕೂರೋ ಹಟ.

ಇಯಾನ್ ಕಾರ್ಡೋಜೊ ಅವರ ಕಥೆ ಬೇರೆ. 1971ರ ಯುದ್ಧದಲ್ಲಿ ಮೈನ್ ಸಿಡಿದು ಕಾಲು ಛಿದ್ರವಾದಾಗ ತಮ್ಮದೇ ಖುಕ್ರಿಯಿಂದ ಅದನ್ನ ಕತ್ತರಿಸಿಕೊಂಡವರು. ಮರದ ಕಾಲಿನಲ್ಲೇ ಫಿಟ್‌ನೆಸ್ ಸಾಬೀತು ಮಾಡಿ, ಮುಂದೆ ಬೆಟಾಲಿಯನ್ ನಡೆಸಿದರು. ಯುದ್ಧದಲ್ಲಿ ಅಂಗವಿಕಲರಾದ ಅಧಿಕಾರಿಗೆ ಆ ಹೊಣೆ ಸಿಕ್ಕಿದ್ದು ಅದೇ ಮೊದಲು. ಗಮನಿಸಿ, ಅವರು ಜಗಳ ಮಾಡಿದ್ದು ಒಳಗಿದ್ದುಕೊಂಡೇ. ಡಿಸ್ಚಾರ್ಜ್ ಬುಕ್ ಕೈಗೆ ಬಂದ ಮೇಲೆ ಅದೇ ಜಗಳ ಹತ್ತು ಪಟ್ಟು ಕಷ್ಟ.

ಅದಕ್ಕೇ ನಾನು ಹೇಳೋದು, ಸಹಾಯ ಮಾಡಬೇಕಾದ್ದು ಜೀಪು ಹತ್ತಿಸೋ ದಿನ ಅಲ್ಲ, ಅದಕ್ಕಿಂತ ಎಂಟ್ಹತ್ತು ವರ್ಷ ಮೊದಲು. ಸರ್ವಿಸ್‌ನಲ್ಲಿ ಇದ್ದಾಗ ಬಾಗಿಲು ಜಾಸ್ತಿ. ಪಿಯುಸಿ ಆಗಿ, ಎರಡು ವರ್ಷ ಸೇವೆ ಆಗಿ, 20ರಿಂದ 27ರ ಒಳಗಿದ್ದರೆ ಆರ್ಮಿ ಕೆಡೆಟ್ ಕಾಲೇಜ್. ಡೆಹ್ರಾಡೂನಿನಲ್ಲಿ ಮೂರು ವರ್ಷ ಡಿಗ್ರಿ, ಒಂದು ವರ್ಷ ಐಎಂಎ, ಆಮೇಲೆ ಆಫೀಸರ್. ಆ ವಯಸ್ಸು ದಾಟಿದವರಿಗೆ ಸ್ಪೆಷಲ್ ಕಮಿಷನ್, ಸ್ಪೆಷಲ್ ಲಿಸ್ಟ್ ಅಂತ ಬೇರೆ ದಾರಿಗಳಿವೆ. ಆನರರಿ ಕ್ಯಾಪ್ಟನ್ ಬೇರೆ ಮಾತು. ಅದು ಜೆಸಿಓಗಳಿಗೆ ಸೇವೆಯ ಕೊನೆಗೆ ಸಿಗೋ ಗೌರವ, ಹೊಸ ಸೇವೆಯ ಶುರು ಅಲ್ಲ. ಡಿಎಸ್‌ಸಿಗೆ ನಮ್ಮವರು ಬಹಳ ಮಂದಿ ಮರುಸೇರ್ಪಡೆ ಆಗ್ತಾರೆ, ಒಳ್ಳೆಯದೇ, ಆದರೆ ಜವಾನ ಅಲ್ಲಿಗೂ ಜವಾನನಾಗಿಯೇ ಹೋಗ್ತಾನೆ.

ನಮ್ಮ ಸಂಗೊಳ್ಳಿ ರಾಯಣ್ಣ 1824ರಲ್ಲಿ ಹೋರಾಡಿ, ಸೆರೆ ಸಿಕ್ಕು, ಬಿಡುಗಡೆಯಾಗಿ, ಮತ್ತೆ ಕತ್ತಿ ಹಿಡಿದರು. ಅವರಿಗೆ ಡಿಗ್ರಿ ಸರ್ಟಿಫಿಕೇಟ್ ಕೇಳೋರು ಇರಲಿಲ್ಲ. ಈಗ ಕೇಳ್ತಾರ್ರೀ. ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆ, ಸಂಗೊಳ್ಳಿಯ ಸೈನಿಕ ಶಾಲೆ ಮುಂದಿನ ಪೀಳಿಗೆಗೆ ಸರಿ. ಈಗ ಗಡಿಯಲ್ಲಿ ನಿಂತಿರೋ ಅಣ್ಣನಿಗೆ ಏನು?

ಅವನಿಗೆ ನೀವಿದ್ದೀರಿ. ಕೈಯಲ್ಲಿ ಫೋನ್ ಇರೋ ತಮ್ಮ, ತಂಗಿ, ಅಳಿಯ. ಸವದತ್ತಿ ಗುಡ್ಡಕ್ಕೆ ಬಂದು ಹೋಗೋಕೆ ರಜೆ ಹಾಕಿ ಬಂದಾಗ ಅವನ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಇಗ್ನೋ ಅಥವಾ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಅರ್ಜಿ ಅವನ ಜೊತೆ ಕೂತು ತುಂಬಿ. ಟಿಎ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ರೀಸನಿಂಗ್, ಸಾಮಾನ್ಯ ಜ್ಞಾನ ಇರುತ್ತೆ, ಹಳೆಯ ಪ್ರಶ್ನೆಗಳನ್ನ ವಾಟ್ಸ್ಆ್ಯಪ್ ಮಾಡಿ. ರಾತ್ರಿ ಡ್ಯೂಟಿ ಮುಗಿಸಿ ಫೋನ್ ಮಾಡಿದಾಗ ಹತ್ತು ನಿಮಿಷ ಇಂಗ್ಲಿಷ್‌ನಲ್ಲೇ ಮಾತಾಡಿ, ನಗಬೇಡಿ. ಈಗಾಗಲೇ ನಿವೃತ್ತಿ ಆಗಿದ್ದರೆ ಡಿಸ್ಚಾರ್ಜ್ ಬುಕ್ ತೆಗೆದು ಎರಡು ಸಾಲು ನೋಡಿ, ಹುಟ್ಟಿದ ದಿನಾಂಕ ಮತ್ತು ಮೆಡಿಕಲ್ ಕೆಟಗರಿ. ಆಮೇಲೆ ಬೆಳಗಾವಿ ಬಸ್ ಹತ್ತಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೆ ಅವನ ಜೊತೆ ನೀವೂ ಹೋಗಿ. ಬುಕ್ಕಿನ ಎರಡು ಝೆರಾಕ್ಸ್ ಇರಲಿ.